ಆ ಸಾಲಿಗೆ ನಾವು ಯಾಕೆ ನಕ್ಕೆವು? 'ಡಚೆಸ್ ಆಫ್ ಮಾಲ್ಫಿ' ಓದಿದವರು ಸ್ವಲ್ಪ ಹೇಳಿ

ಕೂಡು_ಕಳೆ

ನಾವು ಏಳು ಜನ ವಾರಕ್ಕೊಮ್ಮೆ ರಾತ್ರಿ ಊಟ ಮುಗಿಸಿ ಕಂಪ್ಯೂಟರ್ ಮುಂದೆ ಕೂತು ಹಳೇ ಇಂಗ್ಲಿಷ್ ನಾಟಕಗಳನ್ನು ಗಟ್ಟಿಯಾಗಿ ಓದುತ್ತೇವೆ. ಯಾರೂ ಸಾಹಿತ್ಯ ಕಲಿತವರಲ್ಲ. ನನ್ನದು ಲೆಕ್ಕಪತ್ರದ ಕೆಲಸ. ಪಾತ್ರಗಳನ್ನು ಚೀಟಿ ಎತ್ತಿ ಹಂಚಿಕೊಳ್ಳುತ್ತೇವೆ. ಗಂಡು ಹೆಣ್ಣು ಅಂತ ನೋಡುವುದಿಲ್ಲ.

ಈ ಸಲ ಜಾನ್ ವೆಬ್‌ಸ್ಟರ್‌ನ 'ದ ಡಚೆಸ್ ಆಫ್ ಮಾಲ್ಫಿ'. ನನ್ನ ಚೀಟಿಯಲ್ಲಿ ಬಂದದ್ದು ಫರ್ಡಿನೆಂಡ್, ಡಚೆಸ್‌ಳ ಅವಳಿ ಸೋದರ. ಗೊತ್ತಿಲ್ಲದವರಿಗೆ ಕಥೆ ಇಷ್ಟು: ಡಚೆಸ್ ಚಿಕ್ಕ ವಯಸ್ಸಿನ ವಿಧವೆ. ಇನ್ನೊಂದು ಮದುವೆ ಆಗಕೂಡದು ಅಂತ ಇಬ್ಬರು ಸೋದರರ ಕಟ್ಟಪ್ಪಣೆ. ಅವಳು ತನ್ನ ಮನೆಯ ವ್ಯವಹಾರ ನೋಡಿಕೊಳ್ಳುವ ಆಂಟೋನಿಯೊನನ್ನು ಗುಟ್ಟಾಗಿ ಮದುವೆಯಾಗುತ್ತಾಳೆ. ಮೂರು ಮಕ್ಕಳಾಗುತ್ತವೆ. ಸೋದರರಿಗೆ ತಿಳಿಯುತ್ತದೆ. ಅವಳನ್ನು ಹಿಂಸೆ ಮಾಡಿ, ಕತ್ತು ಹಿಸುಕಿಸಿ ಕೊಲ್ಲಿಸುತ್ತಾರೆ.

ನನ್ನ ಪ್ರಶ್ನೆ ಮೊದಲ ಅಂಕದ್ದು. ಫರ್ಡಿನೆಂಡ್ ತಂಗಿಗೆ ಬುದ್ಧಿ ಹೇಳುತ್ತಿದ್ದಾನೆ. ಎರಡನೇ ಮದುವೆ ಆಗುವವರೆಲ್ಲ ಕಾಮದ ಹುಚ್ಚಿನವರು ಅನ್ನುತ್ತಾನೆ. ಅಪ್ಪನ ಬಾಕು ತೆಗೆದು ತೋರಿಸುತ್ತಾನೆ. ಹೋಗುವಾಗ ಒಂದು ಮಾತು ಎಸೆಯುತ್ತಾನೆ. ಲ್ಯಾಂಪ್ರೆ ಅಂತ ಹಾವಿನಂಥ ಮೀನೊಂದಿದೆ, ಅದಕ್ಕೆ ಎಲುಬಿಲ್ಲ. ಆ ಮೀನಿನ ಹಾಗೆ ಎಲುಬಿಲ್ಲದ ಒಂದು ಅಂಗ ಹೆಂಗಸರಿಗೆ ಬಹಳ ಇಷ್ಟ, ಅಂತ. ಅವಳು 'ಛೀ' ಅನ್ನುತ್ತಾಳೆ. ಇವನು ತಕ್ಷಣ, ಅಯ್ಯೋ, ನಾನು ಹೇಳಿದ್ದು ನಾಲಿಗೆ ಕಣಮ್ಮ, ಅನ್ನುವ ಹಾಗೆ ಜಾರಿಕೊಳ್ಳುತ್ತಾನೆ.

ನಾನು ಆ ಸಾಲನ್ನು ಚೆನ್ನಾಗಿ ಓದಿದೆ ಅಂತ ಕಾಣುತ್ತೆ. ಏಳೂ ಜನ ನಕ್ಕರು. ನಾನೂ ನಕ್ಕೆ. 'ಛೀ' ಅಂದ ಗೆಳತಿಯೂ ನಕ್ಕಳು. ಆಮೇಲೆ ಪಾತ್ರೆ ತೊಳೆಯುವಾಗ ತಲೆಯಲ್ಲಿ ಅದೇ ಓಡತೊಡಗಿತು. ಒಬ್ಬ ಗಂಡಸು ಒಡಹುಟ್ಟಿದವಳಿಗೆ ಬಾಕು ತೋರಿಸಿ, ಅದರ ಹಿಂದೆಯೇ ಪೋಲಿ ಮಾತಾಡಿದ್ದಾನೆ. ನಾವು ಅವನ ಜೊತೆ ನಕ್ಕಿದ್ದೇವೆ.

ಎರಡನೇ ಅಂಕದಲ್ಲೂ ಇದೇ ಕಥೆ. ಗೂಢಚಾರ ಬೊಸೋಲಾ ಒಬ್ಬ ಮುದುಕಿಯನ್ನು ಅವಳ ಮೇಕಪ್ ವಿಷಯಕ್ಕೆ ಹಿಡಿದುಕೊಂಡು ಉಗಿಯುತ್ತಾನೆ. ಹಾವಿನ ಕೊಬ್ಬು, ಉಗುಳು, ಏನೇನೋ ಪಟ್ಟಿ. ನಿನ್ನ ಕೋಣೆ ಮಾಟಗಾತಿಯ ಅಂಗಡಿಯ ಹಾಗಿದೆ ಅನ್ನುತ್ತಾನೆ. ಮುದುಕಿಗೆ ಇರುವುದು ಒಂದೆರಡು ಪುಟ್ಟ ಮಾತು ಅಷ್ಟೇ. ಇದೂ ನಗುವ ಜಾಗ ಅಂತ ನಮ್ಮಲ್ಲಿ ಕೆಲವರಿಗೆ ಅನ್ನಿಸಿತು.

ಹಾಗಾದರೆ ಇದು ಹೆಂಗಸರನ್ನು ಕೀಳಾಗಿ ಕಾಣುವ ನಾಟಕವಾ, ಅಥವಾ ಹಾಗೆ ಕಾಣುವ ಗಂಡಸರನ್ನು ತೋರಿಸುವ ನಾಟಕವಾ? 'ಆ ಕಾಲವೇ ಹಾಗಿತ್ತು ಬಿಡಿ' ಅಂತ ದಯವಿಟ್ಟು ಹೇಳಬೇಡಿ. ಅದು ನನಗೂ ಗೊತ್ತು.

---

ತೆರೆಮರೆ

ಒಳ್ಳೆ ಪ್ರಶ್ನೆ. ನಾನು ಓದುವ ದಿನಗಳಲ್ಲಿ ಈ ನಾಟಕಕ್ಕೆ ಪರದೆಯ ಹಿಂದೆ ನಿಂತು ಮಾತು ಹೇಳಿಕೊಟ್ಟವನು. ಮೂವತ್ತು ತಾಲೀಮು ಕೇಳಿದ್ದೇನೆ. ಹಾಗಾಗಿ ನನ್ನ ಉತ್ತರ ವಿಮರ್ಶಕನದ್ದಲ್ಲ, ಸಾಲು ಮರೆತವರಿಗೆ ಸಾಲು ಕೊಟ್ಟವನದ್ದು.

ನಿಮ್ಮ ನಾಲಿಗೆ ಜೋಕು ಅಲ್ಲಿಗೇ ಮುಗಿಯುವುದಿಲ್ಲ. ಮೂರನೇ ಅಂಕದ ಎರಡನೇ ದೃಶ್ಯ ತೆಗೆಯಿರಿ. ರಾತ್ರಿ. ಮಲಗುವ ಕೋಣೆ. ಡಚೆಸ್ ತಲೆ ಬಾಚಿಕೊಳ್ಳುತ್ತಿದ್ದಾಳೆ. ಗಂಡನೂ ಸಖಿ ಕ್ಯಾರಿಯೋಲಾಳೂ ಜೊತೆಗಿದ್ದಾರೆ. ಮೂವರೂ ತಮಾಷೆ ಮಾಡಿಕೊಂಡು ನಗುತ್ತಿದ್ದಾರೆ. ಇಡೀ ನಾಟಕದಲ್ಲಿ ಒಂದು ಮನೆ ಅಂತ ಅನ್ನಿಸುವುದು ಇಲ್ಲಿ ಮಾತ್ರ. ಅವಳನ್ನು ಸ್ವಲ್ಪ ಆಟ ಆಡಿಸೋಣ ಅಂತ ಆಂಟೋನಿಯೊ ಮತ್ತು ಕ್ಯಾರಿಯೋಲಾ ಸದ್ದಿಲ್ಲದೆ ಹೊರಗೆ ಜಾರುತ್ತಾರೆ. ಅವಳಿಗೆ ಗೊತ್ತಿಲ್ಲ. ಮಾತಾಡುತ್ತಲೇ ಇದ್ದಾಳೆ. ಕೂದಲು ಬೆಳ್ಳಗಾಗುತ್ತಿದೆ ಅಲ್ವಾ ಅನ್ನುತ್ತಾಳೆ. ಹಿಂದಿನಿಂದ ಫರ್ಡಿನೆಂಡ್ ಒಳಗೆ ಬಂದು ನಿಂತಿದ್ದಾನೆ. ಗಂಡ ಯಾಕೋ ಉತ್ತರ ಕೊಡುತ್ತಿಲ್ಲ. ಆಗ ಅವಳು ಕೇಳುವುದೇನು? ನಾಲಿಗೆ ಕಳೆದುಕೊಂಡೆಯಾ, ಅಂತ!

ತಿರುಗಿ ನೋಡಿದರೆ ಅಲ್ಲಿ ಇವನು. ಕೈಯಲ್ಲಿ ಬಾಕು.

ಮೊದಲ ಅಂಕದ ಎರಡೂ ವಸ್ತು ಇಲ್ಲಿವೆ ನೋಡಿ. ಬಾಕು, ನಾಲಿಗೆ. ಅಲ್ಲಿ ಅವನು ನಗಿಸಿದ್ದ. ಇಲ್ಲಿ ಅವಳು ಆಡಿದ ಅದೇ ಮಾತಿಗೆ ಯಾರೂ ನಗುವುದಿಲ್ಲ. ನಮ್ಮ ತಾಲೀಮಿನಲ್ಲಿ ಮೊದಲ ಅಂಕದ ಜೋಕಿಗೆ ಜೋರಾಗಿ ನಕ್ಕವರೇ ಇಲ್ಲಿ ಉಸಿರು ಹಿಡಿದು ಕೂರುತ್ತಿದ್ದರು. ನನಗನ್ನಿಸುವುದು, ವೆಬ್‌ಸ್ಟರ್ ನಿಮ್ಮನ್ನು ಬೇಕಂತಲೇ ನಗಿಸಿದ. ಮುಂದೆ ಆ ನಗುವಿನ ಬಿಲ್ಲು ಕೊಡುತ್ತಾನೆ.

ಇನ್ನೊಂದು ವಿಷಯ. ಅವಳ ಬಗ್ಗೆ ಗಂಡಸರು ಏನು ಹೇಳುತ್ತಾರೆ ಅನ್ನುವುದನ್ನು ಸ್ವಲ್ಪ ಬದಿಗಿಡಿ. ಅದೇ ಹೊತ್ತಿನಲ್ಲಿ ಅವಳು ಏನು ಮಾಡುತ್ತಿದ್ದಾಳೆ, ಅದನ್ನು ನೋಡಿ. ಬೊಸೋಲಾ ಅವಳ ಸಡಿಲ ನಿಲುವಂಗಿ ನೋಡಿ ಬಸುರಿರಬೇಕು ಅಂತ ಅನುಮಾನಪಟ್ಟು ಏಪ್ರಿಕಾಟ್ ಹಣ್ಣು ತಂದು ಪರೀಕ್ಷೆ ಮಾಡುತ್ತಾನೆ. ಅವಳು ಆಸೆಯಿಂದ ತಿನ್ನುತ್ತಾಳೆ. ತಿಂದಾದ ಮೇಲೆ ಇವನು, ಅಯ್ಯೋ ಹೇಳೋದು ಮರೆತೆ, ತೋಟದವನು ಇದನ್ನು ಕುದುರೆ ಲದ್ದಿಯಲ್ಲಿ ಇಟ್ಟು ಹಣ್ಣು ಮಾಡಿದ್ದು, ಅನ್ನುತ್ತಾನೆ. ಅವನ ಕಣ್ಣಿಗೆ ಅವಳು ಹೊಟ್ಟೆಬಾಕಿ. ನಮ್ಮ ಕಣ್ಣಿಗೆ ಬಯಕೆಯ ಬಸುರಿ.

ಕೊನೆಗೆ ಸಾಯಿಸಲು ಹಗ್ಗ ಹಿಡಿದು ನಿಂತಿರುವಾಗ ಅವಳು ಕ್ಯಾರಿಯೋಲಾಗೆ ಹೇಳುವ ಮಾತು: ಹುಡುಗನಿಗೆ ನೆಗಡಿ ಆಗಿದೆ, ಔಷಧಿ ಕುಡಿಸು, ಹುಡುಗಿ ಮಲಗುವ ಮುಂಚೆ ಪ್ರಾರ್ಥನೆ ಹೇಳಲಿ. ನಾನಿನ್ನೂ ಮಾಲ್ಫಿಯ ಡಚೆಸ್ಸೇ ಅನ್ನುವ ಸಾಲನ್ನು ಎಲ್ಲರೂ ಹೇಳುತ್ತಾರೆ. ನನಗೆ ಮಾತ್ರ ಆ ನೆಗಡಿ ಔಷಧಿಯೇ ದೊಡ್ಡದು. ಆ ಸಾಲು ಬಂದಾಗ ನಾನು ಪುಸ್ತಕದಿಂದ ಕಣ್ಣು ತೆಗೆದುಬಿಡುತ್ತಿದ್ದೆ. ಪ್ರಾಂಪ್ಟರ್ ಆದವನು ಹಾಗೆ ಮಾಡಬಾರದು.

ಇದು ನಡೆದ ಕಥೆ. ಜೊವಾನ್ನ ದ ಅರಗೋನಾ ಅಂತ ಅಮಾಲ್ಫಿಯ ಡಚೆಸ್ ಇದ್ದಳು. ಅವಳ ಎರಡನೇ ಗಂಡನನ್ನು 1513ರಲ್ಲಿ ಮಿಲಾನ್‌ನಲ್ಲಿ ಕೊಂದರು. ಇಂಗ್ಲಿಷಿಗೆ ಈ ಕಥೆ ತಂದವನು ವಿಲಿಯಂ ಪೇಂಟರ್, 1567ರಲ್ಲಿ. ಅವನು ಅವಳಿಗೆ ಚೆನ್ನಾಗಿ ಬೈದು ನೀತಿ ಹೇಳುತ್ತಾನೆ. ವೆಬ್‌ಸ್ಟರ್ ಕಥೆ ಇಟ್ಟುಕೊಂಡ, ಆ ಬೈಗುಳವನ್ನು ತೆಗೆದು ಫರ್ಡಿನೆಂಡನ ಬಾಯಿಗೆ ಹಾಕಿದ. ಆಮೇಲೆ ಆ ಫರ್ಡಿನೆಂಡನಿಗೆ ತಾನು ತೋಳ ಅನ್ನುವ ಹುಚ್ಚು ಹಿಡಿಸಿ, ರಾತ್ರಿ ಹೊತ್ತು ಹೆಣದ ಕಾಲು ಹೆಗಲ ಮೇಲೆ ಹೊತ್ತು ತಿರುಗುವ ಹಾಗೆ ಮಾಡಿದ. ನೀತಿ ಹೇಳಿದವನ ಗತಿ ಅದು.

---

ಮುಂಗೋಪಿ

ತೆರೆಮರೆಯವರೇ, ಬರೆದದ್ದು ಚೆನ್ನಾಗಿದೆ. ಆದರೆ ನೀವು ವೆಬ್‌ಸ್ಟರ್‌ಗೆ ಜಾಸ್ತಿ ರಿಯಾಯಿತಿ ಕೊಟ್ಟಿರಿ.

ಡಚೆಸ್ ಸತ್ತ ಅರೆಗಳಿಗೆಯಲ್ಲೇ ಕ್ಯಾರಿಯೋಲಾಳನ್ನೂ ಕೊಲ್ಲುತ್ತಾರೆ. ಅದನ್ನು ಯಾರೂ ನೆನಪಿಡುವುದಿಲ್ಲ. ಒಡತಿ ಮೊಣಕಾಲೂರಿ, ಸ್ವರ್ಗದ ಬಾಗಿಲು ಅರಮನೆಯ ಬಾಗಿಲಷ್ಟು ಎತ್ತರ ಇಲ್ಲ, ಬಗ್ಗಿಯೇ ಹೋಗಬೇಕು ಅಂತ ಭವ್ಯವಾಗಿ ಹೇಳಿ ಸಾಯುತ್ತಾಳೆ. ಸಖಿ? ಅವಳು ಸ್ವಲ್ಪ ಮುಂಚೆ ತಾನೂ ಜೊತೆಗೇ ಸಾಯುತ್ತೇನೆ ಅಂದಿದ್ದವಳು. ಹಗ್ಗ ಕಂಡ ಕೂಡಲೇ ಜೀವ ಬೇಕು ಅನ್ನಿಸುತ್ತದೆ. ನನಗೆ ಮದುವೆ ಗೊತ್ತಾಗಿದೆ ಅನ್ನುತ್ತಾಳೆ. ಪಾಪನಿವೇದನೆ ಮಾಡಿ ಎರಡು ವರ್ಷವಾಯಿತು ಅನ್ನುತ್ತಾಳೆ. ಕಚ್ಚುತ್ತಾಳೆ, ಪರಚುತ್ತಾಳೆ. ಕೊನೆಗೆ, ನಾನು ಬಸುರಿ ಅನ್ನುತ್ತಾಳೆ.

ಇದು ಸುಮ್ಮನೆ ಬಾಯಿಗೆ ಬಂದ ಮಾತಲ್ಲ. ಆಗಿನ ಇಂಗ್ಲೆಂಡಿನಲ್ಲಿ ಗಲ್ಲಿನ ಶಿಕ್ಷೆಯಾದ ಹೆಂಗಸು ಬಸುರಿ ಅಂತ ಗೊತ್ತಾದರೆ ಹೆರಿಗೆಯವರೆಗೆ ಶಿಕ್ಷೆ ಮುಂದಕ್ಕೆ ಹೋಗುತ್ತಿತ್ತು. ಕಾನೂನಿನಲ್ಲಿ ಹೆಂಗಸಿಗೆ ಉಳಿದಿದ್ದ ಒಂದೇ ಕಿಂಡಿ ಅದು. ಅದಕ್ಕೆ ಬೊಸೋಲಾನ ಉತ್ತರ ಏನು ಗೊತ್ತಾ? ಹಾಗಾದರೆ ನಿನ್ನ ಮಾನ ಉಳಿಯಿತು ಬಿಡು, ಅಂತ. ಅಂದರೆ ಮದುವೆ ಆಗದ ಬಸುರಿ ಈಗಲೇ ಸತ್ತರೆ ಒಳ್ಳೆಯದು. ಜೋಕು ಇದು! ಹಗ್ಗ ಎಳೆಯುವಾಗ! ಇದಕ್ಕೆ ಬಿಲ್ಲು ಎಲ್ಲಿ ಬಂತು? ಮುಂದಿನ ಯಾವ ದೃಶ್ಯದಲ್ಲೂ ಇದು ತಿರುಗಿ ಬಂದು ಯಾರನ್ನೂ ಚುಚ್ಚುವುದಿಲ್ಲ. ಘನತೆಯ ಸಾವು ದೊಡ್ಡ ಮನೆಯವಳಿಗೆ ಮಾತ್ರ. ಡಚೆಸ್ ಎಷ್ಟು ಧೀರೆ ಅಂತ ತೋರಿಸಲು ಪಕ್ಕದಲ್ಲಿ ಒಬ್ಬ ಹೇಡಿ ಹೆಂಗಸು ಬೇಕಿತ್ತು, ಅಷ್ಟೇ.

ಡಚೆಸ್‌ಳ ಇನ್ನೊಬ್ಬ ಸೋದರ, ಚರ್ಚಿನ ದೊಡ್ಡ ಪಾದ್ರಿ ಕಾರ್ಡಿನಲ್, ಇಟ್ಟುಕೊಂಡಿದ್ದ ಜೂಲಿಯಾ ಕಥೆಯೂ ಹಾಗೇ. ವಿಷ ಸವರಿದ ಪುಸ್ತಕಕ್ಕೆ ಮುತ್ತಿಟ್ಟು ಸಾಯುತ್ತಾಳೆ. ಯಾರಿಗೂ ಅಯ್ಯೋ ಅನ್ನಿಸುವುದಿಲ್ಲ.

ಇನ್ನೊಂದು ನೋಡಿ. ನಾಟಕದ ಹೆಸರೇ ಅವಳದ್ದು. ಆದರೆ ಅವಳಿಗೊಂದು ಹೆಸರಿಲ್ಲ. ನಿಜವಾದವಳು ಜೊವಾನ್ನ. ವೆಬ್‌ಸ್ಟರ್ ಬರೆದವಳು ಬರೀ ಡಚೆಸ್. ನಾಲ್ಕನೇ ಅಂಕಕ್ಕೇ ಸಾಯುತ್ತಾಳೆ. ಆಮೇಲೆ ಇಡೀ ಒಂದು ಅಂಕ ಗಂಡಸರ ಪಶ್ಚಾತ್ತಾಪ. ಮುಖ ಮುಚ್ಚಿ, ಕಣ್ಣು ಕೋರೈಸುತ್ತಿದೆ, ಚಿಕ್ಕ ವಯಸ್ಸಿಗೇ ಹೋದಳು ಅಂತ ಕೊಲ್ಲಿಸಿದ ಫರ್ಡಿನೆಂಡನೇ ಹೆಣದ ಮುಂದೆ ಗೋಳಾಡುತ್ತಾನೆ. ಬೇಕಾ ನಮಗೆ ಇವನ ದುಃಖ? ಅದಕ್ಕೆ ಮುಂಚೆ ಕತ್ತಲೆಯಲ್ಲಿ ಹೆಣದ ಕೈ ಹಿಡಿಸುವುದು, ಗಂಡ ಮಕ್ಕಳ ಮೇಣದ ಗೊಂಬೆ ಮಾಡಿಸಿ ಸತ್ತಿದ್ದಾರೆ ಅಂತ ತೋರಿಸುವುದು, ಎಂಟು ಹುಚ್ಚರನ್ನು ತಂದು ಕುಣಿಸುವುದು. ಕಾಸು ಕೊಟ್ಟು ಬಂದವರು ಇದನ್ನು ನೋಡಲೆಂದೇ ಬಂದಿದ್ದರು.

ನಗುವಿನ ವಿಷಯಕ್ಕೇ ಬಂದರೆ ಮಿಡಲ್ಟನ್ ಮತ್ತು ರೌಲಿ ಬರೆದ 'ದ ಚೇಂಜ್‌ಲಿಂಗ್' ಓದಿ. 1622ರ ನಾಟಕ. ಅದರಲ್ಲಿ ಮದುಮಗ ಒಂದು ಬೀರುವಿನಲ್ಲಿ ಬಾಟಲಿಗಳನ್ನು ಇಟ್ಟುಕೊಂಡಿದ್ದಾನೆ. ಒಂದು ಬಸುರು ಪತ್ತೆಗೆ, ಇನ್ನೊಂದು ಕನ್ಯತ್ವದ ಪತ್ತೆಗೆ. ಕನ್ಯೆ ಅದನ್ನು ಕುಡಿದರೆ ಮೊದಲು ಆಕಳಿಸುತ್ತಾಳೆ, ಆಮೇಲೆ ಸೀನುತ್ತಾಳೆ, ಆಮೇಲೆ ಬಿದ್ದು ಬಿದ್ದು ನಗುತ್ತಾಳೆ. ಕನ್ಯೆಯಲ್ಲದ ಮದುಮಗಳು ಬಿಯಾಟ್ರಿಸ್ ಜೊವಾನ್ನ ಮೊದಲು ಸಖಿಗೆ ಕುಡಿಸಿ ನೋಡಿಕೊಳ್ಳುತ್ತಾಳೆ, ಆಮೇಲೆ ಗಂಡನ ಮುಂದೆ ಅದೇ ಕ್ರಮದಲ್ಲಿ ಆಕಳಿಸಿ, ಸೀನಿ, ನಕ್ಕು ಪಾಸಾಗುತ್ತಾಳೆ. ಆಗ ರಂಗದ ಮೇಲೆ ಹೆಂಗಸರು ನಟಿಸುತ್ತಿರಲಿಲ್ಲ. ಹಾಗಾಗಿ ಒಬ್ಬ ಹುಡುಗ ಹೆಂಗಸಾಗಿ, ಆ ಹೆಂಗಸು ಕನ್ಯೆಯಾಗಿ, ಆ ಕನ್ಯೆ ನಗುವವಳಾಗಿ ನಟಿಸಬೇಕು. ನನಗೆ ಈ ದೃಶ್ಯ ಇಷ್ಟ, ಸುಳ್ಳು ಹೇಳುವುದಿಲ್ಲ. ಬೀರುವಿನ ಯಜಮಾನನೇ ಪೆದ್ದ ಅಂತ ಇಲ್ಲಿ ಕಾಣುತ್ತದೆ. ಆದರೆ ಕೊನೆಗೆ ಇರಿತ ತಿಂದು ಸಾಯುವವಳು ಅವಳೇ, ಬಾಟಲಿ ಇಟ್ಟುಕೊಂಡವನಲ್ಲ.

---

ಚಿಕ್ಕಕ್ಷರ

ಮುಂಗೋಪಿಯವರ ಮಾತಿಗೆ ಅರ್ಧ ಹೂಂ. ಎರಡು ವಿಷಯ ಸೇರಿಸುತ್ತೇನೆ.

ಜೋಕಿನ ವೇಷದಲ್ಲಿ ಬೈಗುಳ ಮಾರುವುದು ಆಗ ಪುಸ್ತಕದಂಗಡಿಯಲ್ಲೂ ನಡೆಯುತ್ತಿತ್ತು. ಕತ್ತಿವರಸೆ ಕಲಿಸುತ್ತಿದ್ದ ಜೋಸೆಫ್ ಸ್ವೆಟ್ನಮ್ ಅನ್ನುವವನು 1615ರಲ್ಲಿ ಹೆಂಗಸರನ್ನು ಹೀನಾಯವಾಗಿ ಬೈದು ಒಂದು ಪುಸ್ತಕ ತಂದ. ಸಿಕ್ಕಾಪಟ್ಟೆ ಮಾರಾಟವಾಯಿತು. 1617ರಲ್ಲಿ ರೇಚಲ್ ಸ್ಪೆಟ್ ಅನ್ನುವ ಹುಡುಗಿ ತನ್ನ ಹೆಸರು ಹಾಕಿಕೊಂಡೇ ಉತ್ತರ ಬರೆದಳು. ಅವನ ವ್ಯಾಕರಣದ ತಪ್ಪನ್ನೂ ಹಿಡಿದಳು! ಪುಸ್ತಕದ ಹೆಸರಿನಲ್ಲೇ ಅವನ ಬಾಯಿಗೆ ಕುಕ್ಕೆ ಕಟ್ಟಿದ್ದಾಳೆ, ದನಕ್ಕೆ ಕಟ್ಟುತ್ತಾರಲ್ಲ, ಅದು. ಹಾಗಾಗಿ ಅಂದಿನ ಓದುಗರೆಲ್ಲ ತೆಪ್ಪಗೆ ನಕ್ಕರು ಅಂದುಕೊಳ್ಳಬೇಡಿ.

ಇನ್ನೊಂದು ಎಲಿಜಬೆತ್ ಕ್ಯಾರಿ. 1613ರಲ್ಲಿ ಅಚ್ಚಾದ 'ದ ಟ್ರ್ಯಾಜಿಡಿ ಆಫ್ ಮೇರಿಯಮ್' ಅವಳದ್ದು. ಹೆಂಗಸೊಬ್ಬಳು ಸ್ವಂತವಾಗಿ ಬರೆದ ಇಂಗ್ಲಿಷ್ ನಾಟಕಗಳಲ್ಲಿ ಮೊದಲು ಅಚ್ಚಾದದ್ದು ಇದೇ. ಹೆರೋದ್ ರಾಜ ಸಂಶಯಪಟ್ಟು ಹೆಂಡತಿಯ ತಲೆ ತೆಗೆಸುತ್ತಾನೆ. ಕ್ಯಾರಿ ಅದನ್ನು ರಂಗದ ಮೇಲೆ ತರುವುದಿಲ್ಲ. ಒಬ್ಬ ದೂತ ಬಂದು ವರದಿ ಕೊಡುತ್ತಾನೆ. ಕೊಲ್ಲುವ ಜಾಗಕ್ಕೆ ಹೋಗುವಾಗ ಮೇರಿಯಮ್‌ಗೆ ಹೆತ್ತ ತಾಯಿಯೇ ಎಲ್ಲರೆದುರು ಬೈಯುತ್ತಾಳಂತೆ. ಮೇರಿಯಮ್ ತಿರುಗಿ ಮಾತಾಡುವುದಿಲ್ಲ. ಸುಮ್ನೆ ಒಂದು ನಗು ನಗುತ್ತಾಳೆ. ವಿಧೇಯತೆಯೂ ಇದೆ, ತಿರಸ್ಕಾರವೂ ಇದೆ ಆ ನಗುವಿನಲ್ಲಿ, ಅನ್ನುತ್ತಾನೆ ದೂತ. ಮೂರನೇ ಅಂಕದ ಕೊನೆಯಲ್ಲಿ ಮೇಳದವರು, ಹೆಂಡತಿಯಾದವಳು ಗಂಡನ ಹೊರತು ಬೇರೆಯವರ ಹತ್ತಿರ ಮನಸ್ಸು ಬಿಚ್ಚಬಾರದು ಅಂತ ಕೊರೆದಿದ್ದಾರೆ. ಅವಳು ಬಾಯಿ ಬಿಚ್ಚದೆಯೇ ಎಲ್ಲ ಹೇಳಿಬಿಟ್ಟಳು.

ಷೇಕ್ಸ್‌ಪಿಯರ್‌ನ 'ಒಥೆಲೊ' ಇರುವವರು ಒಂದು ಸಣ್ಣ ಕೆಲಸ ಮಾಡಿ. ನಾಲ್ಕನೇ ಅಂಕದ ಕೊನೆಯಲ್ಲಿ ನಾಯಕಿ ಡೆಸ್ಡಿಮೋನಾಳ ಸಖಿ ಎಮೀಲಿಯಾ, ಹೆಂಡತಿಯರಿಗೂ ಗಂಡಸರ ಹಾಗೇ ಕಣ್ಣು, ಮೂಗು, ನಾಲಿಗೆಯ ರುಚಿ ಇದೆ ಅಂತ ಗಂಡಂದಿರಿಗೆ ತಿಳಿಯಲಿ, ಅನ್ನುವ ಮಾತಿದೆ. 1622ರ ಮುದ್ರಣದಲ್ಲಿ ಆ ಮಾತೂ ಇಲ್ಲ, ಡೆಸ್ಡಿಮೋನಾಳ ಹಾಡೂ ಇಲ್ಲ. ಮರುವರ್ಷ ಬಂದ ಅವನ ನಾಟಕಗಳ ದೊಡ್ಡ ಸಂಪುಟದಲ್ಲಿ ಎರಡೂ ಇವೆ. ಆ ಪುಟ ಮುಚ್ಚಿಕೊಂಡು ಒಮ್ಮೆ ಓದಿ ನೋಡಿ, ಎಮೀಲಿಯಾ ಎಷ್ಟು ಚಿಕ್ಕವಳಾಗಿಬಿಡುತ್ತಾಳೆ ಅಂತ.

---

ತೆರೆಮರೆ

ಮುಂಗೋಪಿಯವರೇ, ಕ್ಯಾರಿಯೋಲಾ ವಿಷಯದಲ್ಲಿ ಸೋತೆ. ಮೂವತ್ತು ತಾಲೀಮಿನಲ್ಲಿ ಒಂದು ಸಲವೂ ಆ ಉತ್ತರ ನನ್ನ ಕಿವಿಗೆ ಚುಚ್ಚಿರಲಿಲ್ಲ. ಆದರೆ ಬೊಸೋಲಾ ಬದಲಾಗುವುದು ಅಲ್ಲಿಂದ ಮುಂದೆಯೇ ಅಲ್ವಾ?

ಕೂಡು_ಕಳೆಯವರಿಗೆ ಒಂದು ಲೆಕ್ಕದ ಮಾಹಿತಿ. ಇಂಗ್ಲೆಂಡಿನಲ್ಲಿ ಮದುವೆಯಾದವಳ ಆಸ್ತಿ ಗಂಡನ ಹಿಡಿತಕ್ಕೆ ಹೋಗುತ್ತಿತ್ತು. ವಿಧವೆಗೆ ಹಾಗಲ್ಲ. ಗಂಡನ ಜಮೀನಿನ ಮೂರನೇ ಒಂದು ಭಾಗದ ಆದಾಯ ಬದುಕಿರುವವರೆಗೆ ಅವಳದ್ದು. ವ್ಯವಹಾರ ತಾನೇ ಮಾಡಬಹುದು. ಅಪ್ಪನೂ ಇಲ್ಲದ, ಗಂಡನೂ ಇಲ್ಲದ, ಕೈಯಲ್ಲಿ ದುಡ್ಡಿರುವ ಹೆಂಗಸು. ಲಂಡನ್ ನಾಟಕಗಳಲ್ಲಿ ವಿಧವೆಯನ್ನು ಕಾಮದ ಹುಚ್ಚಿನವಳು ಅಂತ ಗೇಲಿ ಮಾಡುವುದು ಯಾಕೆ ಅಷ್ಟು ಜಾಸ್ತಿ ಅಂತ ಇದರಿಂದ ಸ್ವಲ್ಪ ತಿಳಿಯುತ್ತೆ.

---

ಕೂಡು_ಕಳೆ

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ನಾಲ್ಕನೇ ಅಂಕ ಓದಿ ಮುಗಿಸಿದೆವು.

ಆಸ್ತಿ ಅಂದ ಕೂಡಲೇ ನನ್ನ ಕಿವಿ ನೆಟ್ಟಗಾಗುತ್ತೆ. ಅವಳು ಸತ್ತ ಮೇಲೆ ಫರ್ಡಿನೆಂಡ್ ಒಂದು ಕಾರಣ ಕೊಡುತ್ತಾನೆ: ಅವಳು ವಿಧವೆಯಾಗಿಯೇ ಸತ್ತಿದ್ದರೆ ನನಗೆ ಭಾರೀ ಸಂಪತ್ತು ಸಿಗುತ್ತೆ ಅನ್ನುವ ಆಸೆ ಇತ್ತು, ಅಂತ. ಆದರೆ ಮೂರನೇ ಅಂಕದಲ್ಲಿ ಮೊದಲ ಗಂಡನಿಂದ ಹುಟ್ಟಿದ ಮಗನ ಮಾತು ಬರುತ್ತದೆ. ವಾರಸುದಾರ ಜೀವಂತ ಇದ್ದಾನೆ! ಇವನಿಗೆ ಎಲ್ಲಿಂದ ಸಂಪತ್ತು? ಖರ್ಚು ಆದ ಮೇಲೆ ವೋಚರ್ ಬರೆದ ಹಾಗಿದೆ. ವೆಬ್‌ಸ್ಟರ್ ಮರೆತನೋ ಏನೋ, ಅದು ಬೇರೆ. ಓದುವಾಗ ಮಾತ್ರ ಆ ಸಾಲು ನನ್ನ ಬಾಯಲ್ಲಿ ಸುಳ್ಳಿನ ಹಾಗೇ ಬಂತು. ನಾನೂ ಅದನ್ನು ಸರಿ ಮಾಡಲು ಹೋಗಲಿಲ್ಲ.

ಕ್ಯಾರಿಯೋಲಾ ಓದಿದವರು ನಮ್ಮ ಗುಂಪಿನ ಹಿರಿಯರೊಬ್ಬರು, ಅರವತ್ತು ದಾಟಿದ ಗಂಡಸು. ಮೆತ್ತಗೆ ಮಾತಾಡುವವರು. ನಾನು ಬಸುರಿ ಅನ್ನುವ ಸಾಲು ಬಂದಾಗ ನಾನು ಪರದೆಯ ಮೇಲಿನ ಮುಖಗಳನ್ನೇ ನೋಡುತ್ತಿದ್ದೆ. ಮುಂಗೋಪಿಯವರು ಬರೆದದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ಬೇಕಂತಲೇ. ಬೊಸೋಲಾನ ಉತ್ತರಕ್ಕೆ ಇಬ್ಬರು ನಕ್ಕರು. ಒಬ್ಬರು ಜೋರಾಗಿ, ಇನ್ನೊಬ್ಬರು ಅವರ ಹಿಂದೆ. ಹಿರಿಯರು ಮುಂದಿನ ಸಾಲಿಗೆ ಹೋಗಲಿಲ್ಲ. ಮೈಕು ಆಫ್ ಆಯಿತೇನೋ ಅಂದುಕೊಂಡೆ. ಆಗಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, 'ಇವಳಿಗೆ ಇನ್ನು ಮಾತೇ ಇಲ್ವಲ್ಲ' ಅಂದರು. ಪುಸ್ತಕ ನೋಡಿದೆ. ಹೌದು, ಇರಲಿಲ್ಲ.

ಮುಂದಿನ ವಾರ ಐದನೇ ಅಂಕ. ಅದರಲ್ಲಿ ಡಚೆಸ್ ಇಲ್ಲ, ಆದರೆ ಅವಳ ಸಮಾಧಿಯ ಹತ್ತಿರ ಆಂಟೋನಿಯೊ ಮಾತಾಡುವಾಗ ಅವನ ಮಾತಿನ ಕೊನೆಯ ತುಣುಕುಗಳನ್ನೇ ತಿರುಗಿ ಹೇಳುವ ಒಂದು ಪ್ರತಿಧ್ವನಿ ಇದೆ. ಅದಕ್ಕೆ ಚೀಟಿ ಬರೆದಿರಲಿಲ್ಲ. ನಾನು ಕೇಳಿ ತೆಗೆದುಕೊಂಡಿದ್ದೇನೆ. ಅದೇ ಅಂಕದಲ್ಲಿ ಫರ್ಡಿನೆಂಡನೂ ಇದ್ದಾನೆ, ಹಾಗಾಗಿ ಎರಡನ್ನೂ ಒಂದೇ ಗಂಟಲಲ್ಲಿ ಓದಬೇಕು. ದನಿ ಬದಲಾಯಿಸಬೇಕಾ, ಹಾಗೇ ಬಿಡಬೇಕಾ? ತೆರೆಮರೆಯವರೇ, ನಿಮ್ಮ ತಾಲೀಮಿನಲ್ಲಿ ಏನು ಮಾಡಿದ್ದಿರಿ?